ಮಜ್ಜಿಗೆ, ಕಂಬ, ಕ್ಯೂ: ಒಂದು ಲೇತ್ ಕೊಳ್ಳುವ ಮುನ್ನ

ಹೋದ ಜುಲೈನಲ್ಲಿ, ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಭಾನುವಾರ, ಚಿಕ್ಕಪ್ಪನ ಮಗ ಹೆಗಲಿಗೆ ಉದ್ದನೆಯದೊಂದು ಚೀಲ ನೇತುಹಾಕಿಕೊಂಡು ಮನೆಗೆ ಬಂದ. ಕೊಳಲು ಕಲಿಯಲು ಶುರುಮಾಡಿದನೇನೋ ಅಂದುಕೊಂಡೆ. ಒಳಗಿದ್ದದ್ದು ಎರಡು ತುಂಡಾಗಿ ಬಿಚ್ಚಿಟ್ಟ ಪೂಲ್ ಕ್ಯೂ. ಕಲ್ಯಾಣದ ಯಾರೋ ಹುಡುಗನದು. ಜೋಡಣೆಯ ಜಾಗದಲ್ಲಿ ಅಲುಗಾಡುತ್ತಿತ್ತು, ತುದಿಯ ಚರ್ಮ ಕಿತ್ತುಬಂದಿತ್ತು. ಡೊಂಬಿವಲಿ, ಕಲ್ಯಾಣ, ಠಾಣೆ, ವಾಶಿಯ ಪೂಲ್ ಪಾರ್ಲರುಗಳಿಂದ ಹೀಗೆ ಕೆಟ್ಟ ಕೋಲುಗಳನ್ನು ಲೋಕಲ್ ರೈಲಿನಲ್ಲಿ ಹೊತ್ತು ತಂದು, ಬಾಲ್ಕನಿಯಲ್ಲಿ ಕೂತು ರಿಪೇರಿ ಮಾಡಿ ವಾಪಸು ಕೊಡುವುದು ಅವನ ಎರಡು ವರ್ಷದ ಕಸುಬು. ಬ್ಲೇಡು, ಉಪ್ಪುಕಾಗದ, ಅಂಟು, ಮೇಜಿಗೆ ಬಿಗಿದ ಒಂದು ಡ್ರಿಲ್ಲು, ಇಷ್ಟೇ ಅವನ ಕಾರ್ಖಾನೆ.

"ಅಕ್ಕ, ಇನ್ನು ಲೇತ್ ಇಲ್ಲದೆ ಆಗಲ್ಲ. ಇದನ್ನ ಸ್ವಲ್ಪ ಓದಿ ಹೇಳ್ತೀಯಾ?" ಎಂದು ಫೋನಿನಲ್ಲಿ ಆರೇಳು ಯಂತ್ರಗಳ ವಿವರಪಟ್ಟಿ ತೋರಿಸಿದ. ಚೀನಾದಲ್ಲಿ ಬರೆದ ಇಂಗ್ಲಿಷು ಅದು. ಔಷಧದ ಡಬ್ಬಿಯೊಳಗಿನ ಚೀಟಿ, ವಾಷಿಂಗ್ ಮಷಿನ್ನಿನ ಕೈಪಿಡಿ ಅನುವಾದಿಸಿ ಹೊಟ್ಟೆ ಹೊರೆಯುವವಳಿಗೆ ಅದೇನೂ ಹೊಸದಲ್ಲ. ಹೊಸದು ಲೇತು. ಅವನ ಹತ್ತಿರ ಇದ್ದದ್ದು 1 ಲಕ್ಷದ 30 ಸಾವಿರ ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಚಿಕ್ಕಪ್ಪನ ಪಿಎಫ್ ಹಣದ ಕೊನೆಯ ಭಾಗ. ತಪ್ಪು ಯಂತ್ರ ಕೊಂಡರೆ ಇನ್ನೊಂದು ಕೊಳ್ಳುವ ಶಕ್ತಿ ಆ ಮನೆಗಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಚಿಕ್ಕಪ್ಪನೇ. ಅವರು ಹರಿಹರದವರು. ಇಪ್ಪತ್ತೊಂದನೆಯ ವಯಸ್ಸಿಗೆ ಠಾಣೆಗೆ ಬಂದು, ವಾಗ್ಳೆ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್ ಆಗಿ, ಅದು ಮುಚ್ಚುವವರೆಗೂ ದುಡಿದವರು. ಮಗ ತೋರಿಸಿದ ಚಿತ್ರ ನೋಡಿ ಅವರು ಹೇಳಿದ್ದು ಒಂದೇ ಮಾತು: "ಇದೇನ್ ಲೇತೇನೋ? ಹೊಲ್ಗಿ ಮಷಿನ್ ಇದ್ದಂಗೈತಿ." ಲೇತ್ ಅಂದರೆ ಹರಿಹರದ್ದು, ಮೈಸೂರು ಕಿರ್ಲೋಸ್ಕರಿನದು. ಮಿಕ್ಕದ್ದೆಲ್ಲ ಆಟಿಕೆ.

ಅಪ್ಪ ಮಗ ಇಬ್ಬರೂ ಮಾತು ಬಿಟ್ಟು ಹದಿನೈದು ದಿನ ಆಗಿತ್ತು. ಪಂಚಾಯ್ತಿಗೆ ಸಿಕ್ಕವಳು ನಾನು. ಯಂತ್ರ ಗೊತ್ತಿಲ್ಲದವಳು ಪದದಿಂದ ಶುರುಮಾಡಿದೆ.

ಲೇತಿಗೆ ಕನ್ನಡದಲ್ಲಿ ಏನನ್ನುತ್ತಾರೆ ಎಂದು ಕೇಳಿದರೆ ನಾವೆಲ್ಲ ಲೇತ್ ಎಂದೇ ಹೇಳುತ್ತೇವೆ. ಆದರೆ ಅದು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಬಹಳ ಹಳೆಯ ಕ್ರಿಯಾಪದವಿದೆ: ಕಡೆ. ಮಜ್ಜಿಗೆ ಕಡೆಯುತ್ತೇವೆ, ದೇವದಾನವರು ಕಡಲನ್ನು ಕಡೆದರು, ಮರವನ್ನು ತಿರುಗಿಸಿ ಉಳಿ ಕೊಟ್ಟು ದುಂಡಗೆ ಮಾಡುವುದೂ ಕಡೆಯುವುದೇ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿರುಕ್ತ ಕೋಶ ತೆರೆದರೆ ತಮಿಳು, ಮಲಯಾಳಗಳಲ್ಲೂ ಇದೇ ಧಾತು, ಇದೇ ಎರಡು ಅರ್ಥ. ತಮಿಳಿನಲ್ಲಿ ಬೆಂಕಿ ಹುಟ್ಟಿಸುವ ಅರಣಿಯ ಕೋಲಿಗೆ ತೀಕ್ಕಡೈಕೋಲ್ ಎಂಬ ಹೆಸರಿದೆ, ಬೆಂಕಿ ಕಡೆಯುವ ಕೋಲು.

ಈ ಮೂರೂ ಕೆಲಸಗಳಲ್ಲಿ ಸಮಾನವಾದದ್ದು ಸುಮ್ಮನೆ ತಿರುಗುವುದಲ್ಲ, ಹಗ್ಗ ಸುತ್ತಿ ಆ ಕಡೆ ಈ ಕಡೆ ತಿರುಗಿಸುವುದು. ಕಡೆಗೋಲಿಗೆ ಹಗ್ಗ ಸುತ್ತಿ ಅಜ್ಜಿ ಬಲಗೈ ಎಳೆದರೆ ಒಂದು ದಿಕ್ಕು, ಎಡಗೈ ಎಳೆದರೆ ಇನ್ನೊಂದು. ಹಳೆಯ ಕಾಲದ ಲೇತ್ ನಡೆಯುತ್ತಿದ್ದದ್ದೂ ಹಾಗೇ. ಈಜಿಪ್ಟಿನ ಪೆಟೋಸಿರಿಸ್ ಎಂಬ ಪುರೋಹಿತನ ಸಮಾಧಿಯಲ್ಲಿ, ಸುಮಾರು ಕ್ರಿ.ಪೂ. 300ರದು, ಒಂದು ಉಬ್ಬುಚಿತ್ರವಿದೆ: ಒಬ್ಬ ಹಗ್ಗ ಎಳೆಯುತ್ತಿದ್ದಾನೆ, ಇನ್ನೊಬ್ಬ ಉಳಿ ಹಿಡಿದಿದ್ದಾನೆ. ಒಂದು ದಿಕ್ಕಿಗೆ ತಿರುಗುವಾಗ ಮಾತ್ರ ಉಳಿ ಕಚ್ಚುತ್ತದೆ, ಇನ್ನೊಂದು ದಿಕ್ಕಿನ ಸುತ್ತು ವ್ಯರ್ಥ. ನಾನು ದಿನಾ ಬದುಕುವ ಮರಾಠಿಯಲ್ಲಿ ಮರ ಕಡೆಯುವವನು ಕಾತಾರಿ, ಅವನ ಕೆಲಸ ಕಾತಕಾಮ, ಕಾತಣೆ ಎಂದರೆ ನೂಲುವುದು. ಒಂದೇ ಯಂತ್ರವನ್ನು ನೋಡಿ ಮರಾಠಿಗರಿಗೆ ರಾಟೆ ನೆನಪಾಗಿದೆ, ನಮಗೆ ಮೊಸರಿನ ಗಡಿಗೆ. ಚಿಕ್ಕಪ್ಪನಿಗೆ ಇದನ್ನು ಹೇಳಿದೆ. "ಹೌದೇನು? ಹಂಗಾರೆ ನಾನು ಇಷ್ಟು ವರ್ಷ ಮಜ್ಗಿ ಮಾಡ್ಕೊಂಡು ಕುಂತಿದ್ದೆ ಅನ್ನು" ಎಂದರು.

ಹರಿಹರದ ಬಗ್ಗೆ ಚಿಕ್ಕಪ್ಪನ ಹಟ ಕೇವಲ ಊರಿನ ಅಭಿಮಾನ ಎಂದು ನಾನು ಎಣಿಸಿದ್ದೆ. ಪೂರ್ತಿ ಹಾಗಲ್ಲ. ತುಂಗಭದ್ರೆಯ ದಂಡೆಯ ಆ ಊರಲ್ಲಿ ಹರಿಹರೇಶ್ವರನ ಗುಡಿಯಿದೆ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ್ದು. ಅದರ ಮಂಟಪದ ಕಂಬಗಳನ್ನು ನೀವು ನೋಡಿರಬಹುದು: ಗಂಟೆಯಂತೆ ಇಳಿಯುವ ಮೈ, ನಡುವೆ ಚೂಪಾದ ಅಂಚಿನ ಬಳೆಗಳು, ಸುತ್ತಲೂ ಒಂದೇ ಸಮನಾದ ಗೀರುಗಳು. ಉಳಿ ಸುತ್ತಿಗೆಯಿಂದ ಎಷ್ಟೇ ನುರಿತ ಕೈ ಕೆತ್ತಿದರೂ ಅಂಥ ಸಮ ವೃತ್ತ ಬರುವುದಿಲ್ಲ. ಅವು ಕಲ್ಲನ್ನೇ ತಿರುಗಿಸಿ ಕಡೆದ ಕಂಬಗಳು. ಈ ವಿದ್ಯೆ ಹೊಯ್ಸಳರಿಗಿಂತ ಮುಂಚೆಯೇ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಲಕ್ಕುಂಡಿಯಲ್ಲಿ, ಇಟಗಿಯಲ್ಲಿ ತುಟ್ಟತುದಿ ಮುಟ್ಟಿತ್ತು. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇಟಗಿಯ ಗುಡಿ ಕಟ್ಟಿಸಿದ. ಅಲ್ಲಿಯ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆಯುತ್ತದೆ.

ಸಾಧ್ಯವಾದದ್ದು ಕಲ್ಲಿನಿಂದ. ಬಳಪದ ಕಲ್ಲು ಉಗುರಿನಲ್ಲಿ ಗೀರುವಷ್ಟು ಮೆತ್ತಗೆ. ಕಂಬವನ್ನು ನಿಲ್ಲಿಸಿ ತಿರುಗಿಸಿದರೋ, ಮಲಗಿಸಿ ತಿರುಗಿಸಿದರೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಎತ್ತು, ಆಳು, ನೀರು, ಯಾರು ತಿರುಗಿಸಿದರೆಂದು ಕಲ್ಲು ಹೇಳುವುದಿಲ್ಲ. ನನ್ನ ಮನೆಯಿಂದ ಲೋಕಲ್‌ನಲ್ಲಿ ಸ್ವಲ್ಪ ಹೊತ್ತಿನ ದೂರದ ಅಂಬರನಾಥದಲ್ಲಿ ಅದಕ್ಕಿಂತಲೂ ಹಳೆಯ ಗುಡಿಯಿದೆ, ಶಿಲಾಹಾರರದು, 1060ರದು. ಅದು ಬಸಾಲ್ಟಿನ ಕರಿಕಲ್ಲು. ಕೆತ್ತನೆ ಅದ್ಭುತ, ಆದರೆ ಎಲ್ಲ ಸುತ್ತಿಗೆ ಉಳಿಯ ಕೆಲಸ. ಆ ಕಲ್ಲನ್ನು ಮಜ್ಜಿಗೆಯಂತೆ ಕಡೆಯುವುದು ಅಂದಿನವರಿಗೆ ಆಗುವ ಮಾತಲ್ಲ. ಅದೇ ಅಂಬರನಾಥದಲ್ಲಿ ಇವತ್ತು ರಕ್ಷಣಾ ಇಲಾಖೆಯ ಮಷಿನ್ ಟೂಲ್ ಪ್ರೊಟೊಟೈಪ್ ಫ್ಯಾಕ್ಟರಿ ಇದೆ ಎಂಬುದನ್ನು ನೆನೆದರೆ ನಗು ಬರುತ್ತದೆ.

ಇನ್ನು ಕೋಲಿನ ಕಥೆ. ಬಿಲಿಯರ್ಡ್ಸ್ ಮೊದಲು ಆಡುತ್ತಿದ್ದದ್ದು ಮೇಸ್ ಎಂಬ, ತಲೆ ದಪ್ಪಗಿದ್ದ ದೊಣ್ಣೆಯಿಂದ. ಚೆಂಡು ಮೇಜಿನ ಅಂಚಿಗೆ ಒತ್ತಿ ನಿಂತಾಗ ಆ ದಪ್ಪ ತಲೆ ಅಡ್ಡಬರುತ್ತಿತ್ತು. ಆಗ ಆಟಗಾರರು ದೊಣ್ಣೆಯನ್ನು ತಿರುಗಿಸಿ ಅದರ ಸಣ್ಣ ಹಿಡಿಯಿಂದ ಹೊಡೆಯತೊಡಗಿದರು. ಹಿಡಿ ಎಂದರೆ ಬಾಲ, ಫ್ರೆಂಚಿನಲ್ಲಿ ಕ್ಯೂ. ರೇಷನ್ ಅಂಗಡಿಯ ಮುಂದೆ ನಾವು ನಿಲ್ಲುವ ಕ್ಯೂ ಕೂಡ ಅದೇ ಬಾಲ. ನಂತರ ಫ್ರೆಂಚ್ ಸೈನ್ಯದ ಕ್ಯಾಪ್ಟನ್ ಫ್ರಾಂಸ್ವಾ ಮ್ಯಾಂಗೋ ಕೋಲಿನ ತುದಿಗೆ ಚರ್ಮದ ಬಿಲ್ಲೆ ಅಂಟಿಸಿದ. ಜೈಲಿನಲ್ಲಿದ್ದಾಗ ಹೊಳೆಯಿತು, ಅವಧಿ ಮುಗಿದರೂ ಆಟ ಬಿಟ್ಟು ಹೊರಡಲು ಒಪ್ಪಲಿಲ್ಲ ಎಂಬುದು ಕಥೆ. ವರ್ಷ 1807 ಎನ್ನುತ್ತಾರೆ. ಚರ್ಮ ಬಂದ ಮೇಲೆ ಚೆಂಡಿಗೆ ಸುತ್ತು ಕೊಡುವುದು ಸಾಧ್ಯವಾಯಿತು, ಚರ್ಮ ಜಾರದಂತೆ ಚಾಕ್ ಬಂತು. ಒಟ್ಟಿನಲ್ಲಿ ಇಡೀ ಆಟ ಆ ಒಂದು ಚರ್ಮದ ಚೂರಿನ ಮೇಲೆ ನಿಂತಿದೆ. ನನ್ನ ತಮ್ಮನ ಸಂಪಾದನೆಯೂ.

ಚೆಂಡು ದಂತದ್ದು, ಅದನ್ನೂ ಕಡೆಯುತ್ತಿದ್ದದ್ದು ಲೇತಿನಲ್ಲೇ. ದಂತದ ನಡುವೆ ನರ ಹಾಯ್ದ ಸಣ್ಣ ರಂಧ್ರವಿರುತ್ತದೆ. ಅದು ಚೆಂಡಿನ ಸರಿಯಾದ ನಡುವಿನಲ್ಲಿ ಬರದಿದ್ದರೆ ಚೆಂಡು ನೆಟ್ಟಗೆ ಉರುಳುವುದಿಲ್ಲ. ಹಾಗಾಗಿ ಒಂದು ಇಡೀ ದಂತದಿಂದ ಬೆರಳೆಣಿಕೆಯಷ್ಟೇ ಒಳ್ಳೆಯ ಚೆಂಡು. ಆನೆಗಳು ಮುಗಿಯುತ್ತ ಬಂದಾಗ, 1860ರ ದಶಕದಲ್ಲಿ, ಅಮೆರಿಕದ ಒಂದು ಬಿಲಿಯರ್ಡ್ಸ್ ಕಂಪನಿ ದಂತಕ್ಕೆ ಬದಲಿ ಕೊಟ್ಟವರಿಗೆ 10,000 ಡಾಲರ್ ಬಹುಮಾನ ಸಾರಿತು. ಜಾನ್ ವೆಸ್ಲಿ ಹಯಾಟ್ ಅದರ ಬೆನ್ನುಹತ್ತಿ ಸೆಲ್ಯುಲಾಯ್ಡ್ ತಯಾರಿಸಿದ. ಪ್ಲಾಸ್ಟಿಕ್ ಯುಗ ಬಿಲಿಯರ್ಡ್ಸ್ ಮೇಜಿನಿಂದ ಇಳಿದು ಬಂದದ್ದು ಎಂದರೆ ಅತಿಶಯವಲ್ಲ.

ಸ್ನೂಕರ್ ನಮ್ಮ ನೆಲದ್ದೇ. 1875ರಲ್ಲಿ ಜಬಲ್‌ಪುರದ ಸೇನಾ ಮೆಸ್ಸಿನಲ್ಲಿ ನೆವಿಲ್ ಚೇಂಬರ್‌ಲೇನ್ ಎಂಬ ಯುವ ಅಧಿಕಾರಿ ಬಣ್ಣದ ಚೆಂಡು ಸೇರಿಸಿ ಆಡಿಸಿದ. ನಿಯಮಗಳು ಅಕ್ಷರಕ್ಕಿಳಿದು ಗೋಡೆ ಹತ್ತಿದ್ದು ಊಟಿ ಕ್ಲಬ್ಬಿನಲ್ಲಿ, 1882ರ ಹೊತ್ತಿಗೆ. ಕ್ಲಬ್ಬಿನಾಚೆಗೆ ಆಟ ಬರಲು ಬಹಳ ಕಾಲ ಹಿಡಿಯಿತು. ಮುಂಬೈಯ ವಿಲ್ಸನ್ ಜೋನ್ಸ್ 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಅಮೆಚೂರ್ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದರು, 1964ರಲ್ಲಿ ಮತ್ತೊಮ್ಮೆ. ಮೈಕಲ್ ಫೆರೇರಾ ಇದೇ ಊರಿನವರು. ಬೆಂಗಳೂರಿನಲ್ಲಿ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳ ಮೇಲೆ ಅರವಿಂದ್ ಸವೂರ್ ಅವರಿಂದ ಕಲಿತ ಪಂಕಜ್ ಆಡ್ವಾಣಿ 2003ರಲ್ಲಿ ಹದಿನೆಂಟರ ವಯಸ್ಸಿಗೇ ವಿಶ್ವ ಸ್ನೂಕರ್ ಗೆದ್ದರು. ಈಗ ಡೊಂಬಿವಲಿ ಸ್ಟೇಷನ್ನಿನ ಸುತ್ತ ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಪೂಲ್ ಮೇಜು ಇರುತ್ತದೆ, ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಆಡುವವರು ಕಾಲೇಜು ಹುಡುಗರು. ಹತ್ತು ಸಾವಿರ ಕೊಟ್ಟು ಸ್ವಂತ ಕ್ಯೂ ಕೊಂಡ ಹುಡುಗನಿಗೆ ಅದು ಕೆಟ್ಟರೆ ಎಲ್ಲಿ ಕೊಡಬೇಕೆಂದು ಗೊತ್ತಿಲ್ಲ. ಆ ಖಾಲಿ ಜಾಗದಲ್ಲಿ ನನ್ನ ತಮ್ಮ ಕೂತಿದ್ದಾನೆ.

ಈಗ ರಿಪೇರಿಗೆ ಬರುತ್ತೇನೆ. ಇಲ್ಲಿಯೇ ಚಿಕ್ಕಪ್ಪ ಮತ್ತು ಮಗ ಬೇರೆ ಬೇರೆ ದಾರಿ ಹಿಡಿದದ್ದು.

ಪೂಲ್ ಕ್ಯೂ ಸುಮಾರು 58 ಇಂಚು ಉದ್ದ, ಎರಡು ತುಂಡು. ತುದಿಯಲ್ಲಿ 12ರಿಂದ 13 ಮಿಲಿಮೀಟರ್ ದಪ್ಪ, ಜೋಡಣೆಯಲ್ಲಿ 21 ಚಿಲ್ಲರೆ, ಬುಡದಲ್ಲಿ 30ಕ್ಕೂ ಮೇಲೆ. ಸ್ನೂಕರ್ ಕ್ಯೂ ತುದಿ ಇನ್ನೂ ಸಣ್ಣ, 9ರಿಂದ 10, ಅದರ ಕೊನೆಯ ಉಂಗುರ ಹಿತ್ತಾಳೆಯದು. ಮುಖ್ಯ ಕೆಲಸ ತುದಿಯದೇ: ಹಳೆಯ ಚರ್ಮ ತೆಗೆದು, ಫೆರುಲಿನ ಮುಖವನ್ನು ಕೋಲಿಗೆ ನೇರ ಲಂಬವಾಗಿ ಸಮ ಮಾಡಿ, ಹೊಸ ಚರ್ಮ ಅಂಟಿಸಿ, ಅದರ ಅಂಚನ್ನು ಫೆರುಲಿಗೆ ಸರಿಯಾಗಿ ಕಡೆದು, ಮೇಲ್ಭಾಗಕ್ಕೆ ಗುಮ್ಮಟದ ಆಕಾರ ಕೊಡುವುದು. ಮುಖ ಕೂದಲೆಳೆಯಷ್ಟು ವಾರೆಯಾದರೂ ಚರ್ಮ ಒಂದು ಕಡೆ ಬೇಗ ಸವೆಯುತ್ತದೆ, ಚೆಂಡು ಹೇಳಿದ ದಾರಿಯಲ್ಲಿ ಹೋಗುವುದಿಲ್ಲ. ಕೈಯಲ್ಲಿ ಬ್ಲೇಡು ಹಿಡಿದು ದಿನಕ್ಕೆ ಎರಡು ಸರಿಬಂದರೆ ಮೂರನೆಯದು ವಾರೆ ಬರುತ್ತದೆ. ಅವನಿಗೆ ಲೇತ್ ಬೇಕಾದದ್ದು ಆ ಮೂರನೆಯದಕ್ಕೆ.

ಆದರೆ ಎರಡೂವರೆ ಅಡಿ ಕೋಲಿನ ತುದಿಯನ್ನು ಲೇತಿನಲ್ಲಿ ಹಿಡಿಯುವುದು ಹೇಗೆ? ಕೋಲನ್ನು ಚಕ್ಕಿನ ಹಿಂದಿನಿಂದ, ಸ್ಪಿಂಡಲಿನ ಟೊಳ್ಳಿನ ಮೂಲಕ ತೂರಿಸಿ, ತುದಿ ಮಾತ್ರ ಮುಂದೆ ಇಣುಕುವಂತೆ ಕಚ್ಚಿಸಬೇಕು. ಅಲ್ಲಿಗೆ ಎಲ್ಲ ಪ್ರಶ್ನೆಯೂ ಆ ಟೊಳ್ಳಿನ ವ್ಯಾಸಕ್ಕೆ ಬಂದು ನಿಲ್ಲುತ್ತದೆ. ನಾನು ಓದಿದ ಪಟ್ಟಿಗಳಲ್ಲಿ ಮೇಜಿನ ಮೇಲಿಡುವ ಏಳಿಂಚಿನ ಚೀನೀ ಲೇತುಗಳದ್ದು 20 ಮಿಲಿಮೀಟರ್. ಪೂಲ್ ಕ್ಯೂ ಮುಂಭಾಗ ಹಿಂದಿನಿಂದ ಸಲೀಸಾಗಿ ಹೋಗುತ್ತದೆ, ಬುಡ ಖಂಡಿತ ಹೋಗುವುದಿಲ್ಲ. ಬುಡವೂ ಹಾಯಬೇಕಾದರೆ 35 ಆದರೂ ಬೇಕು. ಅಷ್ಟು ಟೊಳ್ಳಿರುವುದು ಒಂದೋ ಅಮೆರಿಕದಲ್ಲಿ ಕ್ಯೂಗಳಿಗೆಂದೇ ಮಾಡುವ ದುಬಾರಿ ಲೇತು, ಇಲ್ಲವೇ ನಮ್ಮ ಹಳೆಯ ಕಾರ್ಖಾನೆ ಲೇತು. ವಿಚಿತ್ರವೆಂದರೆ ಕೊಳ್ಳುವವರು ಮೊದಲು ಕೇಳುವುದು ಮೋಟರು ಎಷ್ಟು ಶಕ್ತಿಯದು ಎಂದು. ಮರ ಮತ್ತು ಚರ್ಮ ಕಡೆಯಲು ಹೊಲಿಗೆ ಯಂತ್ರದ ಮೋಟರೂ ಸಾಕು. ಚಿಕ್ಕಪ್ಪನ ವ್ಯಂಗ್ಯ ಈ ಮಟ್ಟಿಗೆ ನಿಜವಾಯಿತು.

ಇನ್ನೊಂದು, ಯಾರೂ ಪಟ್ಟಿಯಲ್ಲಿ ಬರೆಯದ ಅಳತೆ ಮನೆಯದು. ಸ್ನೂಕರ್ ಕ್ಯೂ ಇಡಿಯಾಗಿದ್ದರೆ ಲೇತಿನ ಹಿಂದೆ ನಾಲ್ಕೂವರೆ ಅಡಿ ಕೋಲು ಚಾಚಿರುತ್ತದೆ, ಅದು ತಿರುಗುತ್ತಲೂ ಇರುತ್ತದೆ. ಆಧಾರವಿಲ್ಲದಿದ್ದರೆ ಚಾವಟಿಯಂತೆ ಬೀಸುತ್ತದೆ. ಒಂದು ಕೋಣೆ, ಅಡುಗೆಮನೆ, ಬಾಲ್ಕನಿಯ ಡೊಂಬಿವಲಿ ಮನೆಯಲ್ಲಿ ಲೇತಿಗೆ ಎರಡಡಿ, ಹಿಂದಕ್ಕೆ ಐದಡಿ ಎಂದರೆ ಕೋಲು ಫ್ರಿಜ್ಜಿಗೆ ಮುಟ್ಟುತ್ತದೆ.

ಲೇತ್ ಮನೆಯೊಳಗೆ ಬಂದದ್ದು ಯುರೋಪಿನಲ್ಲಿ ಅರಮನೆಯಿಂದ. ರಷ್ಯದ ಪೀಟರ್ ದೊರೆ ದಂತ ಕಡೆಯುವ ಹುಚ್ಚಿನವನು, ಅವನ ಯಂತ್ರಗಾರ ಆಂದ್ರೇ ನಾರ್ತೊವ್. ಕಾರ್ಖಾನೆಯ ಲೇತು ಹುಟ್ಟಿದ್ದು ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್ಲಿಯ ಕೈಯಲ್ಲಿ, 1800ರ ಆಸುಪಾಸು. ಉಳಿಯನ್ನು ಮನುಷ್ಯನ ಕೈಯಿಂದ ಬಿಡಿಸಿ ಯಂತ್ರದ ಮೇಲೆ ಬಿಗಿದು, ಉದ್ದನೆಯ ತಿರುಪಿನಿಂದ ಅದನ್ನು ನಡೆಸಿದ. ಒಂದು ಒಳ್ಳೆಯ ತಿರುಪು ಇದ್ದರೆ ಅದರಿಂದ ಸಾವಿರ ಒಳ್ಳೆಯ ತಿರುಪು. ಅವನ ಬಳಿ ಕೆಲಸ ಮಾಡಿದ ಜೋಸೆಫ್ ವಿಟ್ವರ್ತ್ 1841ರಲ್ಲಿ ತಿರುಪುಗಳ ಅಳತೆಗೆ ಒಂದು ನಿಯಮ ಸೂಚಿಸಿದ. ಅಲ್ಲಿಯವರೆಗೆ ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದರ ನಟ್ಟಿಗೆ ಕೂರುತ್ತಿರಲಿಲ್ಲ.

ಇದು ಕ್ಯೂ ರಿಪೇರಿಗೆ ನೇರ ಸಂಬಂಧಪಟ್ಟದ್ದು. ಪೂಲ್ ಕ್ಯೂಗಳ ನಡುವಿನ ತಿರುಪು ಅಮೆರಿಕದ ಇಂಚಿನ ಲೆಕ್ಕದ್ದು. ಅದರಲ್ಲೂ ಎರಡು ಜನಪ್ರಿಯ ಬಗೆಗಳು, ಇಂಚಿಗೆ 14 ಸುತ್ತಿನ 5/16 ಮತ್ತು 10 ಸುತ್ತಿನ 3/8, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗದ ಅಳತೆ. ಮುಂಬೈಯ ನಾಗದೇವಿ ಬೀದಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಲೇತಿನಲ್ಲೇ ಕಡೆಯಬೇಕು. ಭಾರತ 1956ರ ಕಾಯಿದೆಯಿಂದ ಮೆಟ್ರಿಕ್ಕಿಗೆ ತಿರುಗಿತು. ಅದಕ್ಕೆ ಮುಂಚಿನ, ಆ ಬದಲಾವಣೆಯ ಕಾಲದ ನಮ್ಮ ಅನೇಕ ಲೇತುಗಳ ಒಳತಿರುಪು ಇಂಚಿನದು. ಈಗಿನ ಸಣ್ಣ ಲೇತುಗಳದು ಸಾಮಾನ್ಯವಾಗಿ ಮಿಲಿಮೀಟರಿನದು. ಒಂದು ಇಂಚು ಸರಿಯಾಗಿ 25.4 ಮಿಲಿಮೀಟರ್, ಅಂದರೆ 127ನ್ನು 5ರಿಂದ ಭಾಗಿಸಿದ್ದು. 127 ಅವಿಭಾಜ್ಯ ಸಂಖ್ಯೆ. ಹಾಗಾಗಿ ಮೆಟ್ರಿಕ್ ಲೇತಿನಲ್ಲಿ ಇಂಚಿನ ತಿರುಪನ್ನು ಕರಾರುವಾಕ್ಕಾಗಿ ಕಡೆಯಬೇಕಾದರೆ 127 ಹಲ್ಲಿನ ಒಂದು ಗಾಲಿಯೇ ಬೇಕು, ಅಡ್ಡದಾರಿಯಿಲ್ಲ. ಸಣ್ಣ ಲೇತುಗಳ ಜೊತೆ ಬರುವ ಪ್ಲಾಸ್ಟಿಕ್ ಗಾಲಿಗಳು ಹತ್ತಿರಹತ್ತಿರದ ಲೆಕ್ಕ ಕೊಡುತ್ತವೆ. ಅರ್ಧ ಇಂಚಿನ ತಿರುಪಿಗೆ ನಡೆದೀತು, ಅಡಿಯುದ್ದಕ್ಕೆ ನಡೆಯದು. ಅನುವಾದಕರಿಗೆ ಇದು ಪರಿಚಿತ ಸಂಕಟ.

ಚಿಕ್ಕಪ್ಪನ ಹರಿಹರಕ್ಕೆ ಮತ್ತೆ ಬರುತ್ತೇನೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರ ಕಲಿಯಲು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. ಕೆಲವು ಬಣ್ಣಗಳು ಕಣ್ಣಿಗೆ ಸರಿಯಾಗಿ ಕಾಣದೆ ಯಂತ್ರಗಳ ನಕ್ಷೆಗೆ ಹೊರಳಿ, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಮೇಷ್ಟರಾದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ನಂತರ ಕಬ್ಬಿಣದ ನೇಗಿಲು. ಅಲ್ಲಿ ಜಾಗ ತೆರವು ಮಾಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ನೆಲ ಕೊಟ್ಟರು, 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಯುದ್ಧದ ನಡುವೆ, 1941ರಲ್ಲಿ, ಹೊರಗಿನ ಯಂತ್ರಗಳು ದುರ್ಲಭವಾಗಿದ್ದಾಗ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಜಾಗ ನೋಡಿ: ನದಿಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬೈ ಪ್ರಾಂತ್ಯ, ನಡುವೆ ಪುಣೆ ಬೆಂಗಳೂರು ರೈಲು. ಕಡೆದ ಕಂಬಗಳ ಗುಡಿಯಿದ್ದ ಊರಿಗೆ ಏಳು ನೂರು ವರ್ಷದ ಮೇಲೆ ಕಡೆಯುವ ಯಂತ್ರಗಳ ಕಾರ್ಖಾನೆ. ಇದು ಕಾಕತಾಳೀಯ ಎಂದು ನನಗೆ ಗೊತ್ತು. ಆದರೂ ಹೇಳದೆ ಇರಲಾರೆ.

ಬೆಂಗಳೂರಿನ ಎಚ್‌ಎಂಟಿ ಬಂದದ್ದು 1953ರಲ್ಲಿ, ಸ್ವಿಸ್ ಕಂಪನಿ ಓರ್ಲಿಕಾನ್ ಸಹಾಯದಿಂದ, ಅದೂ ಮೊದಲು ಮಾಡಿದ್ದು ಲೇತನ್ನೇ. ಗಡಿಯಾರ ಆಮೇಲೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರಲ್ಲಿ ಹುಟ್ಟಿ ಠಾಣೆಯ ವಾಗ್ಳೆ ಎಸ್ಟೇಟಿನಿಂದ ಆರಂಭಿಸಿ, ಠಾಣೆ ಬೇಲಾಪುರ ರಸ್ತೆಗೆ, ಡೊಂಬಿವಲಿಗೆ ಹಬ್ಬಿತು. ಕರ್ನಾಟಕದ ಲೇತುಗಳು ಲಾರಿಯಲ್ಲಿ ಇಲ್ಲಿಗೆ ಬಂದವು, ಅವನ್ನು ನಡೆಸುವ ಹುಡುಗರು ರೈಲಿನಲ್ಲಿ. ಮುಂಬೈ ಕನ್ನಡಿಗರ ಇತಿಹಾಸ ಬರೆದವರು ಹೋಟೆಲಿನವರನ್ನು ಬರೆದಿದ್ದಾರೆ, ರಾತ್ರಿಶಾಲೆಗಳನ್ನು ಬರೆದಿದ್ದಾರೆ, ಸರಿಯೇ. ಟರ್ನರುಗಳಿಗೆ ಅದರಲ್ಲಿ ಸಿಕ್ಕಿರುವುದು ತೀರ ಕಡಿಮೆ ಜಾಗ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಷೆಡ್ಡುಗಳು ಒಂದೊಂದಾಗಿ ಮುಚ್ಚಿ ಕಚೇರಿ ಕಟ್ಟಡಗಳಾದವು. ಶತಮಾನದ ತಿರುವಿನಲ್ಲಿ ಮೈಸೂರು ಕಿರ್ಲೋಸ್ಕರ್ ಕೂಡ ಮುಚ್ಚಿತು. ಚಿಕ್ಕಪ್ಪನಿಗೆ ಊರಿಂದ ಫೋನು ಬಂದ ದಿನ ಅವರು ಊಟ ಮಾಡಲಿಲ್ಲ ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾರೆ. ಆ ಕಾರ್ಖಾನೆಯಲ್ಲಿ ಅವರು ಒಂದು ದಿನವೂ ಕೆಲಸ ಮಾಡಿದವರಲ್ಲ.

ಈ ನಡುವೆ ತಮ್ಮನಿಗೆ ನಾನು ತೋರಿಸಿದ್ದು ಚನ್ನಪಟ್ಟಣ. ನಮ್ಮಲ್ಲಿ ಲೇತ್ ಎಂದೂ ಮನೆ ಬಿಟ್ಟು ಹೋಗದ ಊರು ಅದು. ಹಾಲೆ ಮರದ ತುಂಡನ್ನು ತಿರುಗಿಸಿ ಬೊಂಬೆ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಕೇದಗೆ ಜಾತಿಯ ಎಲೆಯಿಂದ ಉಜ್ಜಿ ಹೊಳಪು ತರುತ್ತಾರೆ. ಅವನು ವಿಡಿಯೊ ನೋಡಿ ಎದ್ದು ಕೂತ. ವಿದೇಶದ ಕ್ಯೂ ರಿಪೇರಿಯವರು ಶೀಶೆಯಲ್ಲಿ ಮಾರುವ ತಿಕ್ಕು ಪಾಲಿಶ್ ಇದೆಯಲ್ಲ, ಅದರೊಳಗಿರುವ ಶೆಲ್ಲಾಕ್ ಇದೇ ಅರಗು. ದೊಡ್ಡ ಯಂತ್ರ ಬೇಡ, ತಿರುಗುವುದು ನಡುಗದಿದ್ದರೆ ಸಾಕು ಎಂಬುದು ಅಲ್ಲಿಂದ ಅವನು ಕಲಿತ ಪಾಠ. ಚಿಕ್ಕಪ್ಪ ಆ ವಿಡಿಯೊ ಎರಡು ಸಲ ನೋಡಿದರು. ಏನೂ ಹೇಳಲಿಲ್ಲ.

ಗಣಪತಿ ಹಬ್ಬದ ಮುಂಚಿನ ವಾರ ಡೊಂಬಿವಲಿ ಎಂಐಡಿಸಿಯಲ್ಲಿ ಖಾಲಿಯಾಗುತ್ತಿದ್ದ ಒಂದು ಷೆಡ್ಡಿನಲ್ಲಿ ಹರಿಹರದ ಲೇತ್ ಇದೆಯೆಂದು ಸುದ್ದಿ ಬಂತು. ಮೂವರೂ ರಿಕ್ಷಾದಲ್ಲಿ ಹೋದೆವು. ಹಸಿರು ಬಣ್ಣದ ಟರ್ನ್‌ಮಾಸ್ಟರ್, ಒಂದು ಮೂಲೆಯಲ್ಲಿ, ಮೇಲೆ ಹಳೆಯ ಗೋಣಿ. ಮಾಲೀಕರು ಹೇಳಿದ ಬೆಲೆ ತಮ್ಮನ ಜೇಬಿಗೆ ಹೊಂದುತ್ತಿತ್ತು, ಗುಜರಿ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಕ್ಯೂನ ಬುಡ ಸ್ಪಿಂಡಲಿನೊಳಗೆ ಸಲೀಸಾಗಿ ಹೋಯಿತು. ತಮ್ಮ ನನ್ನ ಕಡೆ ನೋಡಿದ. ಅವನ ಮನಸ್ಸು ಹೊರಳುತ್ತಿರುವುದು ಗೊತ್ತಾಗುತ್ತಿತ್ತು.

ಚಿಕ್ಕಪ್ಪ ಗೋಣಿ ತೆಗೆದು, ಬನಿಯನ್ನಿನ ಚಿಂದಿಯಿಂದ ಬೆಡ್ಡಿನ ಎಣ್ಣೆ ಒರೆಸಿ, ಹೆಬ್ಬೆರಳಿನ ಉಗುರನ್ನು ಚಕ್ಕಿನ ಬದಿಯಿಂದ ಟೇಲ್‌ಸ್ಟಾಕಿನವರೆಗೂ ನಿಧಾನ ಎಳೆದರು. ಮತ್ತೆ ವಾಪಸು. "ಇಲ್ಲಿ ತಿಂದೈತಿ ನೋಡು" ಎಂದರು. ಲೇತಿನ ಹೆಚ್ಚು ಕೆಲಸ ಚಕ್ಕಿನ ಹತ್ತಿರದ ಒಂದಡಿಯಲ್ಲೇ ನಡೆಯುವುದರಿಂದ ದಶಕಗಳಲ್ಲಿ ಬೆಡ್ಡು ಅಲ್ಲೇ ಸವೆಯುತ್ತದೆ. ಟೂಲು ಅಲ್ಲಿ ತುಸು ತಗ್ಗುತ್ತದೆ, ನಮ್ಮ ತಗ್ಗು ಬಿದ್ದ ರಸ್ತೆಯಲ್ಲಿ ರಿಕ್ಷಾ ತಗ್ಗುವಂತೆ. ಕಬ್ಬಿಣದ ಪುಲ್ಲಿ ಕಡೆಯುವವನಿಗೆ ಅದು ಲೆಕ್ಕಕ್ಕಿಲ್ಲ. ಎರಡಡಿಯುದ್ದ ಸಣ್ಣಗಾಗುತ್ತ ಹೋಗುವ ಕೋಲನ್ನು ಉಜ್ಜುವವನಿಗೆ ಲೆಕ್ಕಕ್ಕುಂಟು. ಬೆಡ್ಡನ್ನು ಗ್ರೈಂಡಿಂಗಿಗೆ ಕೊಟ್ಟರೆ ಸರಿಹೋಗುತ್ತದೆ, ಅದಕ್ಕೆ ಲೇತಿನ ಬೆಲೆಯಷ್ಟೇ ಖರ್ಚು. ಮೇಲೆ ಮೂರು ಫೇಸ್ ಕರೆಂಟು, ನೆಲಮಹಡಿಯ ಬಾಡಿಗೆ ಗಾಳೆ, ಕ್ರೇನು. ಇದೆಲ್ಲ ಹೇಳಿದ್ದು ಚಿಕ್ಕಪ್ಪನೇ, ಒಂದೊಂದಾಗಿ, ಬೇರೆ ಯಾರದೋ ಮಗನಿಗೆ ಹೇಳುವ ಹಾಗೆ.

"ನಿಂಗ್ ಆ ಸಣ್ದೇ ಸಾಕು. ತುದಿ ಕೆಲ್ಸ ಮಾಡು, ಬುಡದ್ ಕೆಲ್ಸ ಒಪ್ಕೋಬ್ಯಾಡ."

ಆಮೇಲೆ ಮಾಲೀಕರ ಕಡೆ ತಿರುಗಿ, ಕರೆಂಟು ಇನ್ನೂ ಇದೆಯೇ ಎಂದು ಮರಾಠಿಯಲ್ಲಿ ಕೇಳಿದರು. ಇತ್ತು. ಕೋಲಿನ ಹಿಂಬದಿ ಬೀಸದಂತೆ ಹಿಡಿಯಲು ಒಂದು ಸ್ಟ್ಯಾಂಡಿಗೆ ಬಾಲ್ ಬೇರಿಂಗ್ ಕೂರಿಸಿ, ಅದರೊಳಗೆ ಬೇರೆ ಬೇರೆ ರಂಧ್ರದ ನೈಲಾನ್ ಬುಶ್ಶುಗಳನ್ನು ಹಾಕಬೇಕೆಂದು ತಮ್ಮ ತಿಂಗಳಿಂದ ಹೇಳುತ್ತಿದ್ದ. ಬೇರಿಂಗ್ ಅವನ ಚೀಲದಲ್ಲೇ ಇತ್ತು, 40 ಮಿಲಿಮೀಟರ್ ಒಳವ್ಯಾಸದ್ದು. ನೈಲಾನ್ ದಂಡವೊಂದು ಷೆಡ್ಡಿನ ಗುಜರಿ ರಾಶಿಯಲ್ಲೇ ಸಿಕ್ಕಿತು. ಚಿಕ್ಕಪ್ಪ ಕನ್ನಡಕ ಏರಿಸಿ, ಅಂಗಿಯ ತೋಳು ಮಡಿಸಿ, ಲೇತ್ ಚಾಲೂ ಮಾಡಿದರು. ಬಿಳಿಯ ನೈಲಾನಿನ ಸುರುಳಿ ಒಂದೇ ಎಳೆಯಾಗಿ ನೆಲದವರೆಗೂ ಇಳಿಯಿತು. ಮುಕ್ಕಾಲು ಗಂಟೆಯಲ್ಲಿ ಮೂರು ಬುಶ್ಶು.

ಸಣ್ಣ ಲೇತ್ ಅಕ್ಟೋಬರಿನಲ್ಲಿ ಬಂತು. ಈಗ ಬಾಲ್ಕನಿಯಲ್ಲಿದೆ, ಹಿಂದಿನ ಕೋಲು ಫ್ರಿಜ್ಜಿನ ಬದಲು ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುವಂತೆ ಇಟ್ಟಿದ್ದಾನೆ. ಸ್ನೂಕರ್ ಕ್ಯೂ ಇದ್ದ ದಿನ ಚಿಕ್ಕಮ್ಮ ಒಲೆಯ ಎಡಗಡೆ ಹೋಗುವಂತಿಲ್ಲ. ಮೊದಲೆರಡು ಬುಶ್ಶು ಬೇರಿಂಗಿನಲ್ಲಿ ಹೆಬ್ಬೆರಳಿನಿಂದ ಒತ್ತಿದರೆ ಕೂರುತ್ತವೆ. ಮೂರನೆಯದು ತುಸು ಸಡಿಲ. ಬೆಡ್ಡು ತಿಂದಿದ್ದಕ್ಕೋ, ಅಷ್ಟು ವರ್ಷ ಕೈ ಬಿಟ್ಟಿದ್ದಕ್ಕೋ ಚಿಕ್ಕಪ್ಪ ಹೇಳುವುದಿಲ್ಲ. ತಮ್ಮ ಅದಕ್ಕೆ ಎರಡು ಸುತ್ತು ಟೇಪು ಸುತ್ತಿಕೊಂಡಿದ್ದಾನೆ.